ಎಡಗಿವಿಯ ಭಾಷಣ, ಬಲಗಿವಿಯ ಬಾಣಲೆ

ಕಾಸಿರಾನ್‌ನ ತಲೆ ಕೆಡಿಸಿದ್ದು ಒಂದೇ ಒಂದು ಪದ. ಅದು ಸಿಕ್ಕಿದ್ದೂ ಕ್ಷೌರದಂಗಡಿಯಲ್ಲಿ. ಪಕ್ಕದ ಕುರ್ಚಿಯಲ್ಲಿ ಗಲ್ಲದ ತುಂಬ ನೊರೆ ಬಳಿಸಿಕೊಂಡು ಕೂತಿದ್ದ ಪರವೂರಿನವನೊಬ್ಬ ಫೋನಿನಲ್ಲಿ ಯಾರನ್ನೋ ಗದರಿಸುತ್ತ, "ಬಿಟ್‌ರೇಟ್ ಸಾಲದು ಕಣೋ! ಎಷ್ಟು ಸಲ ಹೇಳ್ಲಿ, ಬಿಟ್‌ರೇಟ್ ಸಾಲದು!" ಎಂದ. ಕಾಸಿರಾನ್‌ಗೆ ಆ ಪದದ ಅರ್ಥವಾಗಲಿಲ್ಲ. ಆದರೆ ಅದನ್ನು ಹೇಳುವಾಗ ಆ ಮನುಷ್ಯನ ಮುಖದಲ್ಲಿದ್ದ ಗತ್ತು ಅರ್ಥವಾಯಿತು. ಪದವನ್ನು ಜೋಪಾನವಾಗಿ ಮನೆಗೆ ತಂದು ಸಮಯ ಕಾಯುತ್ತ ಕುಳಿತ.

ಕಾಸಿರಾನ್ ಜಾವಾದ ಸುಂಬೆರ್‌ಗಾಯಾಮ್ ಎಂಬ ಹಳ್ಳಿಯ ಕಚೇರಿಯಲ್ಲಿ ಕಡತ ನೋಡಿಕೊಳ್ಳುವವನು. ವಯಸ್ಸು ಐವತ್ತೆರಡು. ಮೂವತ್ತು ವರ್ಷಗಳಿಂದ ಊರಿನ ಹುಟ್ಟು, ಸಾವು, ಮದುವೆಗಳನ್ನು ಮೂರು ಪುಸ್ತಕಗಳಲ್ಲಿ ಬರೆಯುತ್ತ ಬಂದಿದ್ದ. ಒಂದೇ ಒಂದು ಸಲ ಮದುವೆಯೊಂದನ್ನು ಕೈತಪ್ಪಿ ಸಾವಿನ ಪುಸ್ತಕದಲ್ಲಿ ಬರೆದಿದ್ದ. ಮದುಮಗ ಅದನ್ನು ತಿದ್ದಿಸಲು ಇಂದಿನವರೆಗೂ ಬಂದಿಲ್ಲ.

ಪದಕ್ಕೆ ಸಮಯ ಕೂಡಿಬಂದದ್ದು ಒಂದು ಮದುವೆಯ ಮನೆಯಲ್ಲಿ. ಮದುವೆಯ ವಿಡಿಯೋ ಹಾಕಿದ್ದರು. ಸ್ಪೀಕರಿನಿಂದ ಮದುಮಗಳ ತಂದೆಯ ಮಾತಿನ ಬದಲು ಜೇನುಹುಟ್ಟಿಗೆ ಕಲ್ಲು ಬಿದ್ದಂಥ ಸದ್ದು ಬರುತ್ತಿತ್ತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಕಾಸಿರಾನ್ ಚಹಾದ ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, "ಬಿಟ್‌ರೇಟ್ ಸಾಲದು" ಎಂದ.

ಮದುವೆಮನೆಯವರೆಲ್ಲ ಅವನ ಕಡೆ ತಿರುಗಿದರು. ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವ ಯಾತ್ನೋ ಕೂಡ ಬಾಯಿ ತೆರೆಯಲಿಲ್ಲ. ಈ ಯಾತ್ನೋ ಎಂಥವನೆಂದರೆ, ಅವನ ಸ್ಪೀಕರು ಹಾಡಿದರೆ ಮೂರು ಮನೆಯಾಚೆಗಿನ ಹೆಂಚು ಜಾರುತ್ತಿತ್ತು. ಅಂಥವನೇ ಸುಮ್ಮನಾದ ಮೇಲೆ ಇನ್ನೇನು? ಮರುದಿನ ಬೆಳಗಾಗುವಷ್ಟರಲ್ಲಿ ಕಾಸಿರಾನ್ ವಿಡಿಯೋ ವಿದ್ಯೆಯಲ್ಲಿ ಪಳಗಿದವನೆಂಬ ಸುದ್ದಿ ಹೊಳೆ ದಾಟಿತ್ತು.

ಅದೇ ವಾರ ಊರಿನ ಯಜಮಾನರಾದ ಪಾಕ್ ಲುರಾ ಅವನನ್ನು ಕರೆಸಿದರು. ಅವರ ಹೆಸರು ದಾರ್ಮಾಜಿ. ಆದರೆ ಊರಲ್ಲಿ ಲುರಾ ಆದವನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಪಾಕ್ ಎಂದರೆ ಅಪ್ಪ, ಬು ಎಂದರೆ ಅಮ್ಮ; ಹಾಗಾಗಿ ಅವರ ಹೆಂಡತಿಯೂ ಎಲ್ಲರಿಗೂ ಬು ಲುರಾ.

"ಜಿಲ್ಲೆಯವರು ಸ್ಪರ್ಧೆ ಇಟ್ಟಿದಾರೆ ಕಾಸಿರಾನ್. 'ಸಾಮರಸ್ಯದ ಹಳ್ಳಿ'. ಹದಿನೈದು ನಿಮಿಷದ ವಿಡಿಯೋ ಕಳಿಸ್ಬೇಕಂತೆ. ನಮ್ಮೂರಲ್ಲಿ ಜಗಳಾನೇ ಇಲ್ಲ ಅಂತ ನಾನು ಮಾತಾಡ್ತೀನಿ. ಉಳಿದದ್ದು ನಿನ್ನ ಕೈಲಿ."

"ಆಗ್ಲಿ ಪಾಕ್. ಬಿಟ್‌ರೇಟ್ ಒಂದು ಸರಿಯಾಗಿ ನೋಡ್ಕೊಂಡ್ರೆ ಆಯ್ತು."

"ಅದನ್ನ ತರಿಸ್ಬೇಕಾ?"

"ಬೇಡ ಪಾಕ್, ಒಳಗೇ ಇರುತ್ತೆ."

ಹೋಬಳಿ ಕಚೇರಿಯಿಂದ ಒಂದು ಕ್ಯಾಮೆರಾ ಬಂತು. ಜೊತೆಗೆ ಬಟ್ಟೆಗೆ ಸಿಕ್ಕಿಸಿಕೊಳ್ಳುವ ಎರಡು ಗುಂಡಿ ಮೈಕು. ತಂತಿ ಇಲ್ಲದವು. ಒಂದನ್ನು ಲುರಾ ಅವರ ಬಾತಿಕ್ ಅಂಗಿಗೆ ಸಿಕ್ಕಿಸಿದ್ದಾಯಿತು. ಇನ್ನೊಂದನ್ನು ಕಾಸಿರಾನ್ ಡಬ್ಬಿಗೆ ವಾಪಸು ಹಾಕಬೇಕೆನ್ನುವಷ್ಟರಲ್ಲಿ ಬು ಲುರಾ ತಡೆದರು.

"ಅವರಿಗೊಂದು ಇದೆ. ನನಗೆ?"

"ನೀವು ಮಾತಾಡೋದೇನಿಲ್ವಲ್ಲ ಬು. ಪಕ್ಕದಲ್ಲಿ ಕೂತು ತಲೆ ಆಡಿಸಿದ್ರೆ ಸಾಕು."

"ಮೂವತ್ತೊಂದು ವರ್ಷದಿಂದ ಆಡಿಸ್ತಾನೇ ಇದೀನಿ. ಹಾಕಯ್ಯ ಸುಮ್ನೆ. ನೋಡೋರಿಗೆ ಚೆನ್ನಾಗಿ ಕಾಣುತ್ತೆ."

ಕಾಸಿರಾನ್ ಆ ಗುಂಡಿಯನ್ನು ಅವರ ಕೆಬಾಯಾ ರವಿಕೆಯ ಅಂಚಿಗೆ ಸಿಕ್ಕಿಸಿದ. ಲುರಾ ಭಾಷಣ ಶುರುಮಾಡಿದರು. ಬು ಲುರಾ ಎರಡು ನಿಮಿಷ ತಲೆ ಆಡಿಸಿದರು. ಮೂರನೆಯ ನಿಮಿಷಕ್ಕೆ ಒಳಗೆ ಕರಿಯುತ್ತಿದ್ದ ತೆಂಪೆ ಎಂಬ ಸೋಯಾ ಬಿಲ್ಲೆಗಳು ಸೀದ ವಾಸನೆ ಬಂತು. ಬು ಲುರಾ ಸದ್ದಿಲ್ಲದೆ ಎದ್ದು ಅಡುಗೆಮನೆಗೆ ಹೋದರು. ಕಾಸಿರಾನ್ ಕ್ಯಾಮೆರಾವನ್ನು ಲುರಾ ಅವರ ಮುಖಕ್ಕೇ ಹತ್ತಿರ ಮಾಡಿ ನಿಶ್ಚಿಂತನಾದ. ಬು ಲುರಾ ಅವರ ಗುಂಡಿ ಕೆಬಾಯಾದ ಅಂಚಿನಲ್ಲೇ ಇತ್ತು. ಅದು ಹೋದಲ್ಲಿ ಕಿವಿಯೂ ಹೋಯಿತು.

ಮರುದಿನ ಮಧ್ಯಾಹ್ನ ಕಚೇರಿಯ ಲ್ಯಾಪ್‌ಟಾಪನ್ನು ಮನೆಯ ಜಗುಲಿಯಲ್ಲಿಟ್ಟುಕೊಂಡು ಕಾಸಿರಾನ್ ವಿಡಿಯೋ ಕತ್ತರಿಸತೊಡಗಿದ. ಲುರಾ ಕೆಮ್ಮಿದ್ದು, ಮೂಗು ಒರೆಸಿಕೊಂಡದ್ದು, 'ಸಾಮರಸ್ಯ' ಎಂಬ ಪದವನ್ನು ಮೂರು ಸಲ ಎಡವಿದ್ದು, ಎಲ್ಲ ಹೋಯಿತು. ಕೇಳಲು ಅವನ ಬಳಿ ಒಂದು ಹೆಡ್‌ಫೋನ್ ಇತ್ತು. ಅದರ ಬಲಗಿವಿ ಮೂರು ವರ್ಷದ ಹಿಂದೆಯೇ ತೀರಿಕೊಂಡಿತ್ತು. ಎಡಗಿವಿ ಮಾತ್ರ ಗಟ್ಟಿಮುಟ್ಟಾಗಿತ್ತು. ಒಂದು ಕಿವಿಯಲ್ಲಿ ಎಲ್ಲ ಸ್ಪಷ್ಟವಾಗಿ ಕೇಳುತ್ತಿರುವಾಗ ಇನ್ನೊಂದು ಏಕೆ ಬೇಕು ಎಂಬುದು ಕಾಸಿರಾನ್‌ನ ಸಿದ್ಧಾಂತ.

ಎಲ್ಲ ಮುಗಿದು ಕೊನೆಗೆ ವಿಡಿಯೋ ಹೊರತೆಗೆಯುವ ಗುಂಡಿ ಒತ್ತಿದಾಗ ಪರದೆಯ ಮೇಲೆ ಒಂದು ಕಿಟಕಿ ತೆರೆದುಕೊಂಡಿತು. ಅದರಲ್ಲಿ ಧ್ವನಿಯ ಬಗ್ಗೆಯೇ ನಾಲ್ಕು ಪ್ರಶ್ನೆ. ಸರ್ಕಾರಿ ಅರ್ಜಿಗಳ ನಡುವೆ ಮುದಿಯಾಗುತ್ತಿದ್ದ ಕಾಸಿರಾನ್ ಹೆದರಲಿಲ್ಲ. ಅರ್ಥವಾಗದ ಅರ್ಜಿಯನ್ನು ತುಂಬುವ ವಿಧಾನ ಅವನಿಗೆ ಗೊತ್ತಿತ್ತು.

ಮೊದಲನೆಯದಕ್ಕೆ ಮೂರು ಉತ್ತರಗಳಿದ್ದವು. ಮೇಲಿನದನ್ನು ಒತ್ತಿದ. ಎರಡನೆಯದು ನಲವತ್ತನಾಲ್ಕು ಸಾವಿರ ಚಿಲ್ಲರೆಯೋ ನಲವತ್ತೆಂಟು ಸಾವಿರವೋ ಎಂದು ಕೇಳಿತು.

"ಏನ್ರೀ ಅದು?" ಎಂದಳು ಹಿಂದೆ ನಿಂತು ಜೋಳ ಬಿಡಿಸುತ್ತಿದ್ದ ಹೆಂಡತಿ ತುಮಿನಾ.

"ಸಂಖ್ಯೆ."

"ಯಾತರ ಸಂಖ್ಯೆ?"

"ಅದೆಲ್ಲ ನಿಂಗೆ ತಿಳಿಯಲ್ಲ. ದೊಡ್ಡದು ಒಳ್ಳೇದು," ಎಂದು ನಲವತ್ತೆಂಟು ಸಾವಿರ ಒತ್ತಿದ.

ಮೂರನೆಯ ಪ್ರಶ್ನೆಯನ್ನು ನೋಡಿ ಕಾಸಿರಾನ್ ಎದ್ದೇ ನಿಂತ. ಬಿಟ್‌ರೇಟ್! ಪರದೇಶದ ಬೀದಿಯಲ್ಲಿ ಸ್ವಂತ ಊರಿನವನು ಎದುರಾದಂತಾಯಿತು. "ನೋಡೇ, ನೋಡು! ನಾನು ಹೇಳ್ತಿರಲಿಲ್ವಾ? ಇಲ್ಲೇ ಇದೆ!" ಅಲ್ಲಿದ್ದ ಅತಿದೊಡ್ಡ ಅಂಕಿಯನ್ನು ಒತ್ತಿ ತೃಪ್ತಿಯಿಂದ ಕುಳಿತ.

ನಾಲ್ಕನೆಯದು: ಮೋನೋ ಅಥವಾ ಸ್ಟೀರಿಯೋ.

ಇಲ್ಲಿ ಸಂಖ್ಯೆಯಿಲ್ಲದ ಕಾರಣ ಸಿದ್ಧಾಂತ ಕೈಕೊಟ್ಟಿತು. ಆಗ ಬೇಲಿಯಾಚೆ ಯಾತ್ನೋ ತನ್ನ ಸ್ಪೀಕರಿಗೆ ಬಣ್ಣ ಬಳಿಯುತ್ತಿದ್ದ. ಕಾಸಿರಾನ್ ಗೊತ್ತಿಲ್ಲವೆಂದು ಕೇಳುವವನಲ್ಲ. ಪರೀಕ್ಷೆ ಮಾಡುವವನ ಹಾಗೆ, "ಏನಪ್ಪ ಯಾತ್ನೋ, ಇಂಥ ಸಂದರ್ಭದಲ್ಲಿ ನೀನಾಗಿದ್ರೆ ಮೋನೋ ಹಾಕ್ತಿದ್ದೆಯೋ ಸ್ಟೀರಿಯೋ ಹಾಕ್ತಿದ್ದೆಯೋ?" ಎಂದ.

ಯಾತ್ನೋ ಕುಂಚ ಕೆಳಗಿಟ್ಟ. "ಮೋನೋನಾ? ಅಲ್ಲ ಪಾಕ್, ಐಸ್‌ಕ್ಯಾಂಡಿ ಗಾಡೀಲಿ ಬರ್ತಾನಲ್ಲ, ಅವನ ಕಹಳೆ ಮೋನೋ. ನಾನು ಎಡಕ್ಕೊಂದು ಬಲಕ್ಕೊಂದು ಆಳೆತ್ತರದ ಗೋಪುರ ಕಟ್ಟಿಟ್ಟಿರೋದು ಯಾಕೆ? ಲುರಾ ಮಾತಿಗೆ ಮೋನೋ ಹಾಕಿದ್ರೆ ಅವಮಾನ ಅಲ್ವಾ?"

"ಸರಿಯಾಗಿ ಹೇಳ್ದೆ. ನಿನಗೆ ಗೊತ್ತಿದೆಯಾ ಅಂತ ನೋಡ್ದೆ ಅಷ್ಟೆ," ಎಂದು ಕಾಸಿರಾನ್ ಸ್ಟೀರಿಯೋ ಒತ್ತಿದ. ವಿಡಿಯೋ ಹೊರಬಂದಾಗ ಎಷ್ಟು ದಪ್ಪವಾಗಿತ್ತೆಂದರೆ ಊರಿನ ಯಾವ ಫೋನೂ ಅದನ್ನು ನುಂಗಲಿಲ್ಲ.

ಭಾನುವಾರ ನಾಲ್ಕು ಗಂಟೆಗೆ ಊರಿನ ಸಭಾಮಂಟಪದಲ್ಲಿ ಪ್ರದರ್ಶನ. ಹೋಬಳಿ ಸಾಹೇಬರೂ ಅವರ ಹೆಂಡತಿಯೂ ಬಂದರು. ಆ ಮಂಟಪ ಮೊಳಕೈ ಮಡಿಸಿದ ಹಾಗೆ ಎರಡು ಕವಲಿನದು. ಒಂದು ಕವಲಿನಲ್ಲಿ ಗಂಡಸರು, ಇನ್ನೊಂದರಲ್ಲಿ ಹೆಂಗಸರು. ಮೂಲೆಯಲ್ಲಿ ಇಬ್ಬರಿಗೂ ಕಾಣುವಂತೆ ಪರದೆ. ಯಾತ್ನೋ ಎಡಗೋಪುರವನ್ನು ಗಂಡಸರ ಕಡೆಗೂ ಬಲಗೋಪುರವನ್ನು ಹೆಂಗಸರ ಕಡೆಗೂ ತಿರುಗಿಸಿಟ್ಟು ಗುಬುಟು ತಿರುಗಿಸಿದ. ಒಂದು ಗೋಪುರದ ಮುಂದೆ ಕೂತವರಿಗೆ ಪಕ್ಕದ ಮನುಷ್ಯನ ಸೀನೂ ಕೇಳುವಂತಿರಲಿಲ್ಲ, ಇನ್ನು ಆಚೆ ಕವಲಿನ ಗೋಪುರದ ಮಾತೆಲ್ಲಿ?

ಗಂಡಸರ ಕಡೆ ಕೂತಿದ್ದ ಕಾಸಿರಾನ್‌ಗೆ ಲುರಾ ಅವರ ಧ್ವನಿ ಗುಡುಗಿನಂತೆ ಕೇಳಿತು. "ನಮ್ಮ ಹಳ್ಳಿಯಲ್ಲಿ ಮನೆ ಮನೆಗೂ ಪ್ರೀತಿಯ ಸೇತುವೆಯಿದೆ!" ಗಂಡಸರು ಚಪ್ಪಾಳೆ ತಟ್ಟಿದರು. ಅದೇ ಕ್ಷಣಕ್ಕೆ ಹೆಂಗಸರ ಕಡೆ ಬಿದ್ದು ಬಿದ್ದು ನಗು. ಲುರಾ ಹುಬ್ಬು ಗಂಟಿಕ್ಕಿದರು. ಇನ್ನೊಂದು ನಿಮಿಷಕ್ಕೆ ಲಾಸ್ತ್ರಿ ಎಂಬಾಕೆ ದಡಕ್ಕನೆ ಎದ್ದು ನಿಂತು ಬು ಲುರಾ ಅವರ ಕಡೆ ಕೈ ನೀಡಿ ಏನೋ ಕೂಗಿದಳು. ಹೋಬಳಿ ಸಾಹೇಬರ ಹೆಂಡತಿ ಬೀಸಣಿಗೆಯನ್ನು ಮಡಿಸಿ ದೂರದಿಂದಲೇ ಗಂಡನನ್ನು ನೋಡಿದ ನೋಟಕ್ಕೆ ಸಾಹೇಬರ ಕೈಯಲ್ಲಿದ್ದ ತೆಂಪೆ ತಟ್ಟೆಗೆ ವಾಪಸಾಯಿತು. ಬು ಲುರಾ ಹೆಗಲವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದರು.

"ನನ್ನ ಮಾತು ಮನಸ್ಸಿಗೆ ನಾಟಿದೆ," ಎಂದರು ಲುರಾ ಪಕ್ಕಕ್ಕೆ ಬಾಗಿ. "ಅಳ್ತಿದಾಳೆ ನೋಡು."

ಆಮೇಲೆ ಏಕೋ ಹೆಂಗಸರ ಕಡೆ ಇದ್ದಕ್ಕಿದ್ದಂತೆ ಸದ್ದಡಗಿತು. ಎದ್ದು ನಿಂತಿದ್ದ ಲಾಸ್ತ್ರಿಯೂ ಮೆಲ್ಲಗೆ ಕುಳಿತಳು. ವಿಡಿಯೋ ಮುಗಿಯುವ ತನಕ ಒಬ್ಬರೂ ಅಲುಗಲಿಲ್ಲ.

ಆ ಸಂಜೆ ಸುಂಬೆರ್‌ಗಾಯಾಮಿನಲ್ಲಿ ಜಗಳವಾಗದ ಮನೆ ಉಳಿಯಲಿಲ್ಲ.

"ಎಂಥಾ ಭಾಷಣ!" ಎಂದ ಕಾಸಿರಾನ್ ಊಟಕ್ಕೆ ಕೂತು.

"ಯಾವ ಭಾಷಣ? ಬು ಲುರಾ ತೆಂಪೆ ಕರೀತಾ ಊರೋರ ಮಾನ ಹರಾಜು ಹಾಕಿದ್ದಾ?" ಎಂದಳು ತುಮಿನಾ. "ಲಾಸ್ತ್ರಿ ಮಾಡೋ ಸಂಬಲ್ ಚಟ್ನಿ ಬಾತುಕೋಳೀನೂ ತಿನ್ನಲ್ವಂತೆ. ಹೋಬಳಿ ಸಾಹೇಬ್ರು ಪಥ್ಯ ಅಂತ ಹೇಳ್ಕೊಂಡು ಒಂಬತ್ತು ತೆಂಪೆ ತಿಂದ್ರಂತೆ. ಆಕಾಶ ಗುಡುಗಿದ್ರೆ ನಿಮ್ಮ ಲುರಾ ಚಾಪೆ ಒಳಗೆ ಸುತ್ಕೋತಾರಂತೆ."

"ನಿನಗೆ ತಲೆ ಸರಿ ಇದೆಯಾ? ಬು ಲುರಾ ಬಾಯೇ ಬಿಡ್ಲಿಲ್ಲ. ವಿಡಿಯೋ ಮಾಡ್ದೋನು ನಾನು!"

"ನೀವು ಕಿವುಡ್ರು ಅಂತ ಒಪ್ಕೊಂಡ್ರೆ ನನಗೇನೂ ಬೇಜಾರಿಲ್ಲ."

ಮರುದಿನ ಕಚೇರಿಯ ಮುಂದೆ ಇಡೀ ಊರು ಸೇರಿತು. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಅಭ್ಯಾಸಬಲ. ಲುರಾ ಸಾಕ್ಷ್ಯ ಕೇಳಿದರು. ಕಾಸಿರಾನ್ ಹೆಡ್‌ಫೋನ್ ಏರಿಸಿ, ಕಣ್ಣು ಮುಚ್ಚಿ, ಹದಿನೈದು ನಿಮಿಷವೂ ತಪಸ್ಸಿಗೆ ಕೂತಂತೆ ಕೂತು ಕೇಳಿದ. ಕೊನೆಗೆ ಕಣ್ಣು ತೆರೆದು ತೀರ್ಪು ಕೊಟ್ಟ: "ಬು ಲುರಾ ಅವರ ಒಂದು ಮಾತೂ ಇಲ್ಲ."

"ಕೊಡಿಲ್ಲಿ!" ಎಂದು ಲಾಸ್ತ್ರಿ ಹೆಡ್‌ಫೋನ್ ಕಿತ್ತುಕೊಂಡು ತಲೆಗೆ ಹಾಕಿಕೊಂಡಳು. ಕೇಳಿದಳು. ಒಂದು ನಿಮಿಷ, ಎರಡು ನಿಮಿಷ, ಐದು ನಿಮಿಷ. ಅವಳ ಮುಖದ ಬಣ್ಣ ಇಳಿಯಿತು.

"ಲುರಾ ಮಾತ್ರ ಇದಾರೆ," ಎಂದಳು ಸಣ್ಣ ಧ್ವನಿಯಲ್ಲಿ.

ಗಂಡಸರ ಕಡೆಯಿಂದ ವಿಜಯದ ಉಸಿರು ಬಂತು. ನೂರಿಪ್ಪತ್ತು ಹೆಂಗಸರಿಗೆ ಒಟ್ಟಿಗೆ ಕಿವಿ ಕೆಟ್ಟದ್ದಕ್ಕೆ ಕಾರಣವೇನೆಂದು ಅಲ್ಲೇ ವಿಚಾರಣೆಯಾಯಿತು. ಒಬ್ಬ ಮುದುಕ, ಮಂಟಪದ ಆ ಕವಲಿದ್ದ ಜಾಗದಲ್ಲಿ ಹಿಂದೆ ಆಲದ ಮರವಿತ್ತು ಎಂದು ನೆನಪಿಸಿದ. ಅಷ್ಟು ಸಾಕಾಯಿತು. ಮರ ಕಳೆದುಕೊಂಡ ಭೂತ ಬು ಲುರಾ ಅವರ ಧ್ವನಿಯಲ್ಲಿ ಮಾತಾಡಿದೆ, ಶುಕ್ರವಾರ ಆ ಕವಲಿನಲ್ಲಿ ಹಳದಿ ಅನ್ನ ಮಾಡಿ ಎಲ್ಲರಿಗೂ ಬಡಿಸಿ ಶಾಂತಿ ಮಾಡಿಸಬೇಕು ಎಂದು ತೀರ್ಮಾನವಾಯಿತು.

ಆಗ ಬು ಲುರಾ ಮುಂದೆ ಬಂದರು. "ಭೂತವೂ ಇಲ್ಲ, ಗೀತವೂ ಇಲ್ಲ. ಅದನ್ನೆಲ್ಲ ಹೇಳಿದ್ದು ನಾನೇ. ನಮ್ಮ ಅಡುಗೆಮನೇಲಿ, ನಮ್ಮಕ್ಕನ ಹತ್ರ. ಅದು ಅಲ್ಲಿಗೆ ಹೇಗೆ ಬಂತೋ ಗೊತ್ತಿಲ್ಲ. ಲಾಸ್ತ್ರಿ, ತಪ್ಪಾಯ್ತಮ್ಮ. ಆದ್ರೆ ಹೊಳೆ ದಾಟೋ ಕಾಲುಸಂಕದ ಬಗ್ಗೆ ಹೇಳಿದ್ದು..."

"ನೋಡಿದ್ರಾ!" ಎಂದರು ಲುರಾ ಗಾಬರಿಯಿಂದ. "ಭೂತ ಇವಳ ಒಳಗೇ ಹೊಕ್ಕಿದೆ! ಹಳದಿ ಅನ್ನ ಎರಡು ಪಾತ್ರೆ ಮಾಡ್ಸಿ!"

ಬು ಲುರಾ ತಿರುಗಿ ಮನೆಗೆ ಹೋದರು.

ಭೂತಕ್ಕೆ ಶುಕ್ರವಾರ ಊಟವಾಯಿತು. ಆದರೆ ಹೋಬಳಿ ಸಾಹೇಬರ ಮನೆಯಲ್ಲಿ ಊಟ ನಿಂತಿತ್ತು. ಅವರ ಹೆಂಡತಿ ಭೂತದ ಸಮಜಾಯಿಷಿಯನ್ನು ಒಪ್ಪಲಿಲ್ಲ. ಒಂಬತ್ತು ಎಂಬ ಲೆಕ್ಕ ಭೂತಕ್ಕೆ ಹೇಗೆ ತಿಳಿಯಿತು ಎಂಬುದು ಆಕೆಯ ಪ್ರಶ್ನೆ. ಸಾಹೇಬರು ಹೇಳಿಕಳಿಸಿದರು: ಮುಂದಿನ ಭಾನುವಾರ ಅದೇ ಜಾಗದಲ್ಲಿ, ಅದೇ ಜನರ ಮುಂದೆ ಮತ್ತೆ ವಿಡಿಯೋ ಹಾಕಬೇಕು. ಅದರಲ್ಲಿ ಅಡುಗೆಮನೆ ಇಲ್ಲವೆಂದು ತಮ್ಮ ಹೆಂಡತಿಗೆ ಖಾತ್ರಿಯಾಗಬೇಕು. ಇಲ್ಲದಿದ್ದರೆ ಹಳ್ಳಿ ಕಚೇರಿಯ ಕಡತಗಾರನ ಬಗ್ಗೆ ಯೋಚಿಸಬೇಕಾಗುತ್ತದೆ.

ಕಡತಗಾರ ಎಂಬ ಪದ ಕೇಳಿ ಕಾಸಿರಾನ್‌ಗೆ ಮೊದಲ ಸಲ ಬೆವರು ಬಂತು. ಲ್ಯಾಪ್‌ಟಾಪ್ ತೆರೆದು ಆ ನಾಲ್ಕು ಪ್ರಶ್ನೆಗಳನ್ನೇ ನೋಡುತ್ತ ಕೂತ. ತುಮಿನಾ ಪಕ್ಕದಲ್ಲಿ ಬಂದು ಕೂತಳು.

"ಈ ಮೋನೋ ಅಂದ್ರೇನ್ರೀ?"

"ಒಂದು."

"ಸ್ಟೀರಿಯೋ ಅಂದ್ರೆ?"

"ಎರಡು."

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಎರಡು ಎಂದು ತಾನೇ ಒತ್ತಿದ್ದರಿಂದಲ್ಲವೇ ಎರಡು ಧ್ವನಿ ಬಂದದ್ದು? ಯಂತ್ರ ಎರಡನೆಯದನ್ನು ಎಲ್ಲಿಂದಲೋ ಹುಡುಕಿ ತಂದಿದೆ, ಪಾಪ, ಅದರ ತಪ್ಪಲ್ಲ. ಒಂದು ಎಂದರೆ ಒಂದೇ ಬರುತ್ತದೆ. ಅದೂ ಊರಿನ ಯಜಮಾನರದ್ದೇ ಬರಬೇಕಲ್ಲವೇ? ಕಾಸಿರಾನ್ ಮೋನೋ ಒತ್ತಿದ. ಹೆಡ್‌ಫೋನ್ ಹಾಕಿ ಕೇಳಿ ನೋಡುವ ಗೋಜಿಗೆ ಹೋಗಲಿಲ್ಲ. ನಂಬಿಕೆ ಎಂಬುದೊಂದಿರುತ್ತದೆ.

ಮೋನೋ ಮಾಡುವುದು ಇಷ್ಟೆ: ಎಡಗಡೆಗೆ ಹೋಗಿದ್ದ ಲುರಾ ಅವರ ಮೈಕನ್ನೂ ಬಲಗಡೆಗೆ ಹೋಗಿದ್ದ ಬು ಲುರಾ ಅವರ ಮೈಕನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿ, ಎರಡೂ ಕಡೆಗೆ ಬಡಿಸುತ್ತದೆ.

ಭಾನುವಾರ ನಾಲ್ಕಕ್ಕೆ ಮಂಟಪ ತುಂಬಿತ್ತು. ಹೊಳೆಯಾಚೆಯವರೂ ಬಂದಿದ್ದರು. ಯಾತ್ನೋ ಗುಬುಟು ತಿರುಗಿಸಿದ. ಎರಡು ಗೋಪುರಗಳೂ ಒಟ್ಟಿಗೆ ಗುಡುಗಿದವು.

"ನಮ್ಮ ಹಳ್ಳಿಯಲ್ಲಿ ಮನೆ ಮನೆಗೂ ಪ್ರೀತಿಯ ಸೇತುವೆಯಿದೆ!" ಎಂದರು ಲುರಾ.

"ಆ ಲಾಸ್ತ್ರಿ ಕೊಟ್ಟ ಸಂಬಲ್ ಬಾತುಕೋಳಿಗೆ ಹಾಕ್ದೆ ಕಣಕ್ಕ. ಮೂಸಿ ನೋಡಿ ಹೊಳೆಗೆ ಹಾರ್ತು," ಎಂದಿತು ಅಡುಗೆಮನೆ, ಬಾಣಲೆಯ ಚೊಂಯ್ ಸದ್ದಿನೊಂದಿಗೆ.

ಗಂಡಸರ ಕವಲಿನಲ್ಲಿ ಒಬ್ಬೊಬ್ಬರ ಬಾಯೂ ತೆರೆಯಿತು.

"ಅತಿಥಿಗಳಿಗೆ ನಮ್ಮ ಹೃದಯದ ಬಾಗಿಲು ಸದಾ ತೆರೆದಿರುತ್ತದೆ!"

"ಮುಚ್ಚು ಮುಚ್ಚು, ತಟ್ಟೆ ಮುಚ್ಚು. ಹೋಬಳಿ ಸಾಹೇಬ್ರು ಬಂದ್ರೆ ಪಥ್ಯ ಅಂತಾರೆ, ಒಂಬತ್ತು ತಿಂತಾರೆ."

ಸಭೆಯ ಐನೂರು ಕಣ್ಣುಗಳು ಸಾಹೇಬರ ಕಡೆ ತಿರುಗಿದವು. ಅವರು ಎದ್ದು ನಿಂತು, ಅಧಿಕಾರಿಗೆ ತಕ್ಕ ಗಾಂಭೀರ್ಯದಿಂದ, "ಒಂಬತ್ತಲ್ಲ, ಏಳು," ಎಂದು ಹೇಳಿ ಕುಳಿತರು.

"ಎಂಥ ಬಿರುಗಾಳಿ ಬಂದರೂ ಈ ದಾರ್ಮಾಜಿ ಬಂಡೆಯಂತೆ ನಿಲ್ಲುತ್ತಾನೆ!"

"ಮೊನ್ನೆ ಗುಡುಗಿದಾಗ ಚಾಪೇಲಿ ಸುತ್ಕೊಂಡು, 'ಹೋಯ್ತಾ? ಹೋಯ್ತಾ?' ಅಂತ ಕೇಳ್ತಿದ್ರು ಅಕ್ಕ. ಪಾಪ, ನಗಬಾರದು."

ಪರದೆಯ ಮೇಲಿನ ಬಂಡೆ ಭಾಷಣ ಮುಂದುವರಿಸಿತು. ಸಭೆಯಲ್ಲಿದ್ದ ಬಂಡೆ ಎದ್ದು ಯಂತ್ರದ ಕಡೆ ಓಡಿತು. "ನಿಲ್ಸೋ ಅದನ್ನ!"

"ನನ್ನ ಯಂತ್ರಕ್ಕೆ ಕೈ ಹಾಕ್ಬೇಡಿ ಪಾಕ್!" ಎಂದು ಯಾತ್ನೋ ಎರಡೂ ತೋಳು ಚಾಚಿ ಅಡ್ಡ ನಿಂತ. "ಮಧ್ಯದಲ್ಲಿ ಎಳೆದ್ರೆ ಸುಟ್ಟುಹೋಗುತ್ತೆ!" ಅದು ಸುಟ್ಟುಹೋಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೆ ಮುಂದೇನು ಬರುತ್ತದೆಂದು ಗೊತ್ತಿರಲಿಲ್ಲ, ಕೇಳಬೇಕಿತ್ತು.

"ನನ್ನ ಶ್ರೀಮತಿಯ ಮಾತು ಕೇಳದೆ ನಾನು ಒಂದು ಹೆಜ್ಜೆಯನ್ನೂ ಇಡುವುದಿಲ್ಲ," ಎಂದರು ಪರದೆಯ ಲುರಾ.

"ಕಾಲುಸಂಕದ ವಿಷಯ ಹನ್ನೊಂದು ವರ್ಷದಿಂದ ಹೇಳ್ತಿದೀನಿ ಅಕ್ಕ. ಕಿವಿ ಇದೆಯೋ ಇಲ್ವೋ." ಬಾಣಲೆಯ ಸದ್ದು ನಿಂತಿತ್ತು. ಒಲೆಯಿಂದ ಇಳಿಸಿದ್ದಿರಬೇಕು. "ಗಂಡಸ್ರು ಮೋಟಾರ್‌ಬೈಕಲ್ಲಿ ದೊಡ್ಡ ರಸ್ತೆ ಸುತ್ಕೊಂಡು ಹೋಗ್ತಾರೆ. ಹೊಳೆ ದಾಟೋರು ನಾವು, ತಲೆ ಮೇಲೆ ಬುಟ್ಟಿ, ಕೈಯಲ್ಲಿ ಮಗು. ಹೋದ ಮಳೇಲಿ ಲಾಸ್ತ್ರಿ ಬಿದ್ಲು. ಬುಟ್ಟಿ ಸಮೇತ ಎಷ್ಟು ದೂರ ಕೊಚ್ಕೊಂಡು ಹೋದ್ಲು! ಸಂಬಲ್ ಕೆಟ್ಟದಾಗೇ ಮಾಡ್ತಾಳೆ, ಅದಕ್ಕೆ ಹೊಳೇಲಿ ಸಾಯ್ಬೇಕಾ? ಬಿದಿರು ಕಡಿಸಿ ನಮ್ಮ ಹಿತ್ತಲಲ್ಲಿ ಪೇರಿಸಿ ಎರಡು ವರ್ಷ ಆಯ್ತು. ಕೋಳಿ ಮೊಟ್ಟೆ ಇಡ್ತವೆ ಅದರ ಮೇಲೆ. ಇನ್ನೊಬ್ಬಳು ಬಿದ್ರೆ, ಅವಳು ಸಿಗ್ಲಿಲ್ಲ ಅಂದ್ರೆ, ಆಗ ಇವರು ಒಳ್ಳೇ ಭಾಷಣ ಮಾಡ್ತಾರೆ."

ವಿಡಿಯೋ ಮುಗಿಯಿತು. ಲಾಸ್ತ್ರಿಯ ಗಂಡ ನಿಧಾನವಾಗಿ ತಿರುಗಿ ಹೆಂಗಸರ ಕಡೆ ನೋಡಿದ.

"ನೀನು ಕಾಲು ಜಾರಿ ಕೆಸರಿಗೆ ಬಿದ್ದೆ ಅಂದಿದ್ದೆ."

"ಹೊಳೆಗೆ ಬಿದ್ದೆ ಅಂತಾನೇ ಹೇಳಿದ್ದು," ಎಂದಳು ಲಾಸ್ತ್ರಿ. "ನೀವು ಪೇಪರ್ ಓದ್ತಿದ್ರಿ."

ಹೋಬಳಿ ಸಾಹೇಬರು ಲುರಾ ಅವರನ್ನು ಕೇಳಿದರು: "ಆ ಬಿದಿರು ಎಲ್ಲಿದೆ?"

ಇಡೀ ಸಭೆ ಎದ್ದು ಲುರಾ ಅವರ ಹಿತ್ತಲಿಗೆ ನಡೆಯಿತು. ಬಿದಿರು ಇತ್ತು. ಅದರ ಮೇಲೆ ಕೋಳಿಯೂ ಇತ್ತು. ಸಾಹೇಬರ ಹೆಂಡತಿಯೇ ಕೋಳಿಯನ್ನು ಎಬ್ಬಿಸಿ ಕಳಿಸಿದರು. ಅಂದೇ ಬೆಳಕಿರುವಾಗಲೇ ಗಂಡಸರು ಬಿದಿರು ಹೊತ್ತರು. ಗುರುವಾರದ ಹೊತ್ತಿಗೆ ಹೊಳೆಗೆ ಹೊಸ ಸಂಕ ಬಿತ್ತು. ಎರಡೂ ಕಡೆ ಹಿಡಿಕೆ ಇರುವ, ಇಬ್ಬರು ಎದುರುಬದುರಾಗಿ ದಾಟಬಹುದಾದ ಸಂಕ. ಸ್ಪರ್ಧೆಗೆ ವಿಡಿಯೋ ಹೋಗಲಿಲ್ಲ. ಜಿಲ್ಲೆಯಲ್ಲಿ ಅತ್ಯಂತ ಸಾಮರಸ್ಯದ ಹಳ್ಳಿ ಯಾವುದೆಂದು ಸುಂಬೆರ್‌ಗಾಯಾಮಿನವರು ವಿಚಾರಿಸಲೂ ಇಲ್ಲ.

ಲುರಾ ಮೂರು ದಿನ ಕಚೇರಿಗೆ ಬರಲಿಲ್ಲ. ಕಾಸಿರಾನ್ ತನ್ನ ಮೂರು ಪುಸ್ತಕಗಳಿಗೂ ಹೊಸ ರಟ್ಟು ಹಾಕಿ, ಮೇಜು ಒರೆಸಿ, ಕೆಲಸದಿಂದ ತೆಗೆದುಹಾಕುವ ಕಾಗದ ಬಂದರೆ ಯಾವ ಕಡತದಲ್ಲಿ ಸೇರಿಸಬೇಕೆಂದು ಯೋಚಿಸುತ್ತ ಕೂತಿದ್ದ.

ನಾಲ್ಕನೆಯ ದಿನ ಬೆಳಗ್ಗೆ ಬು ಲುರಾ ಬಂದರು. ಕಾಸಿರಾನ್ ಎದ್ದು ನಿಂತು ಕೈ ಕಟ್ಟಿಕೊಂಡ.

"ತಪ್ಪಾಯ್ತು ಬು. ನಾನು ಅದನ್ನೆಲ್ಲ ಅಳಿಸಿಬಿಡ್ತೀನಿ. ನಿಜ ಹೇಳ್ಬೇಕಂದ್ರೆ, ನನಗೆ ಈ ವಿದ್ಯೆ ಒಂದು ಚೂರೂ ಬರಲ್ಲ."

"ಅದು ಊರಿಗೆಲ್ಲ ಗೊತ್ತಾಯ್ತಲ್ಲ." ಬು ಲುರಾ ಎದುರಿನ ಕುರ್ಚಿಯಲ್ಲಿ ಕೂತರು. "ಅಳಿಸ್ಬೇಡ. ಗಂಡಸ್ರಿಗೆ ಸ್ಪಷ್ಟವಾಗಿ ಕೇಳಿಸ್ತಾ?"

"ಕೇಳಿಸ್ತು ಬು."

"ಹಿಂದಿನ ಸಾಲಿಗೂ?"

"ಹಿಂದಿನ ಸಾಲಿಗೂ."

"ಬುಧವಾರ ಊರಿನ ಸಭೆ ಇದೆ. ಆರೋಗ್ಯ ಕೇಂದ್ರದ ಬಾವಿ ಬತ್ತಿ ಎಷ್ಟು ದಿನ ಆಯ್ತು ಅಂತ ನಾನು ಮಾತಾಡ್ಬೇಕು. ಆ ಗುಂಡಿ ತಗೊಂಡು ಬಾ."

ಕಾಸಿರಾನ್ ಕಾಗದ ಪೆನ್ನು ಎಳೆದುಕೊಂಡು, ಬದುಕಿನಲ್ಲಿ ಮೊದಲ ಸಲ ಗೊತ್ತಿಲ್ಲದ್ದನ್ನು ಗೊತ್ತಿಲ್ಲದವನ ಹಾಗೆಯೇ ಕೇಳಿದ: "ಮೋನೋ ಹಾಕ್ಲಾ ಬು, ಸ್ಟೀರಿಯೋ ಹಾಕ್ಲಾ?"

"ಅದೆಲ್ಲ ನನಗೆ ತಿಳಿಯಲ್ಲಪ್ಪ," ಎಂದು ಬು ಲುರಾ ಏಳುತ್ತ ಹೇಳಿದರು. "ಯಾವುದು ಹಾಕಿದ್ರೆ ಗಂಡಸ್ರಿಗೆ ಕೇಳುತ್ತೋ, ಅದು."